ಎರಡು ಸಲ ಬಂದ ಪತ್ರ

ಒಂದೇ ಇ-ಮೇಲ್ ಒಮ್ಮೊಮ್ಮೆ ಎರಡು ಪ್ರತಿಗಳಾಗಿ ಬಂದು ಬೀಳುವುದೇಕೆ ಎಂದು ಕೇಳಿದರೆ, ಕಳುಹಿಸಿದವರು ಗುಂಡಿಯನ್ನು ಎರಡು ಸಲ ಒತ್ತಿರಬೇಕು ಎಂಬ ಉತ್ತರವೇ ಸಾಮಾನ್ಯವಾಗಿ ಸಿಗುತ್ತದೆ. ಅದು ಕೆಲವೊಮ್ಮೆ ನಿಜವೂ ಹೌದು. ಆದರೆ ಕಳುಹಿಸಿದವರಿಂದ ಯಾವ ತಪ್ಪೂ ಆಗದಿದ್ದಾಗಲೂ ಪತ್ರ ಎರಡಾಗಬಲ್ಲದು; ಮೇಲ್ ಸರ್ವರ್, ಅಂದರೆ ಅಂತರಜಾಲದ ಅಂಚೆಯನ್ನು ಪಡೆದು ಮುಂದಕ್ಕೆ ಸಾಗಿಸುವ ತಂತ್ರಾಂಶ, ತಾನು ಕೊಟ್ಟ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದಕ್ಕೆ ಆ ಎರಡನೆಯ ಪ್ರತಿಯೇ ಸಾಕ್ಷಿ.

ಆ ಮಾತು ಮೂರೇ ಅಂಕಿಗಳದ್ದು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ, ಕಳುಹಿಸುವ ಸರ್ವರ್ ಪತ್ರವನ್ನೆಲ್ಲ ಒಪ್ಪಿಸಿದ ಮೇಲೆ ಬರೀ ಒಂದು ಚುಕ್ಕೆಯಿರುವ ಸಾಲನ್ನು ಕಳುಹಿಸಿ ಕಾಯುತ್ತದೆ. ಪಡೆಯುವ ಸರ್ವರಿನ ಉತ್ತರ 5ರಿಂದ ಆರಂಭವಾದರೆ ಅದು ಖಡಾಖಂಡಿತ ನಿರಾಕರಣೆ, 4ರಿಂದ ಆರಂಭವಾದರೆ ಸ್ವಲ್ಪ ಹೊತ್ತು ಬಿಟ್ಟು ಬರಬೇಕೆಂಬ ಸೂಚನೆ, 250 ಎಂದಾದರೆ ಆ ಕ್ಷಣದಿಂದ ಪತ್ರದ ಹೊಣೆಯೆಲ್ಲ ಪಡೆದವರ ಹೆಗಲಿಗೆ. ಹೀಗೆ ಒಪ್ಪಿಕೊಂಡ ಮೇಲೆ ವಿದ್ಯುತ್ ಹೋಯಿತು, ಯಂತ್ರ ಸ್ತಬ್ಧವಾಯಿತು ಎಂಬ ನೆಪಗಳಿಗಾಗಿ ಪತ್ರವನ್ನು ಕಳೆಯುವಂತಿಲ್ಲ ಎಂದು ಅದೇ ನಿಯಮಾವಳಿಯ 2008ರ ಪರಿಷ್ಕೃತ ರೂಪ ವಿಧಿಸುತ್ತದೆ.

ಪಡೆಯುವ ಸರ್ವರ್ ಪತ್ರವನ್ನು ಭದ್ರವಾಗಿ ಬರೆದಿಟ್ಟು 250 ಎಂದು ಹೇಳಿಯೂ ಆ ಉತ್ತರ ದಾರಿಯಲ್ಲೇ ಸಂಪರ್ಕ ಕಡಿದು ನಾಶವಾದರೆ, ಕಳುಹಿಸಿದ ಸರ್ವರಿಗೆ ಪತ್ರ ಒಪ್ಪಿತವಾಯಿತೋ ಇಲ್ಲವೋ ಎಂದು ತಿಳಿಯುವ ಉಪಾಯವೇ ಇರುವುದಿಲ್ಲ. ಸುಮ್ಮನಿದ್ದರೆ ಪತ್ರ ಕಳೆದುಹೋದೀತು, ಮತ್ತೆ ಕಳುಹಿಸಿದರೆ ಎರಡಾದೀತು; ಈ ಇಕ್ಕಟ್ಟಿನಲ್ಲಿ ಎಸ್‌ಎಂಟಿಪಿ ಎರಡನೆಯದನ್ನೇ ಆರಿಸಿಕೊಂಡಿದೆ. ಹೆಚ್ಚುವರಿ ಪ್ರತಿಯೊಂದನ್ನು ಅಳಿಸುವ ಕಿರಿಕಿರಿಗೂ ಉದ್ಯೋಗದ ಕರೆಯೋಲೆ ಕಾಣೆಯಾಗುವ ನಷ್ಟಕ್ಕೂ ಹೋಲಿಕೆಯೇ ಇಲ್ಲವಾದ್ದರಿಂದ ಇದು ಅತ್ಯಂತ ವಿವೇಕದ ಆಯ್ಕೆ.

ಮೇಲ್ ಸರ್ವರ್ ತಂತ್ರಾಂಶವನ್ನು ಆರಿಸುವವರು ಮೊದಲು ನೋಡಬೇಕಾದದ್ದು ಈ ಹೊಣೆಯನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದನ್ನೇ. ಎರಿಕ್ ಆಲ್‌ಮನ್ ಬರ್ಕ್ಲಿಯಲ್ಲಿ ರೂಪಿಸಿದ ಸೆಂಡ್‌ಮೇಲ್ ಬಹುಕಾಲ ಅಂತರಜಾಲದ ಅಂಚೆಯನ್ನು ಹೊತ್ತಿತಾದರೂ, ಅದರ ಸಂರಚನಾ ಕಡತ ಪಳಗಿದವರಿಗೂ ಒಗಟಾಗಿತ್ತು. 1988ರಲ್ಲಿ ಅಂತರಜಾಲದ ಯಂತ್ರಗಳಿಗೆ ತಾನಾಗಿ ಹಬ್ಬಿದ ಮಾರಿಸ್ ವರ್ಮ್ ಎಂಬ ಕುತಂತ್ರಾಂಶ ಹರಡಲು ಬಳಸಿದ ದಾರಿಗಳಲ್ಲಿ ಅದರ ಒಂದು ಲೋಪವೂ ಸೇರಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ 1995ರಲ್ಲಿ ಆರಂಭಿಸಿದ ಎಕ್ಸಿಮ್, ಸೂಕ್ಷ್ಮ ನಿಯಮಗಳನ್ನು ಬರೆಯಬಲ್ಲವರಿಗೆ ಹೇಳಿಮಾಡಿಸಿದ್ದು. ಸಣ್ಣ ಸಂಸ್ಥೆಯೊಂದು ಹೊಸದಾಗಿ ಆರಂಭಿಸುವುದಾದರೆ, ವೀಟ್ಸೆ ವೆನೆಮಾ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಇವೆಲ್ಲಕ್ಕಿಂತ ಉತ್ತಮ. ಅದರಲ್ಲಿ ಪತ್ರ ಪಡೆಯುವುದು, ಸರತಿಯಲ್ಲಿಡುವುದು, ಹೊರಗೆ ಸಾಗಿಸುವುದು ಇವೆಲ್ಲ ಬೇರೆ ಬೇರೆ ಸಣ್ಣ ಪ್ರೋಗ್ರಾಂಗಳ ಕೆಲಸವಾಗಿದ್ದು, ಒಂದು ಕೆಟ್ಟರೆ ಉಳಿದವುಗಳಿಗೆ ಅಷ್ಟಾಗಿ ಧಕ್ಕೆ ತಟ್ಟುವುದಿಲ್ಲ.

ಪೋಸ್ಟ್‌ಫಿಕ್ಸ್‌ನ ಅತ್ಯಂತ ಸೊಗಸಾದ ಸಂಗತಿ ಹೊರಗಿನಿಂದ ಕಾಣುವುದೇ ಇಲ್ಲ. ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಓದುವ, ಬರೆಯುವ, ಚಲಾಯಿಸುವ ಅನುಮತಿಗಳೆಂಬ ಗುರುತುಗಳಿರುತ್ತವೆ. ಚಲಾಯಿಸುವ ಅನುಮತಿ ಇರುವುದು ಪ್ರೋಗ್ರಾಂಗಳಿಗಾಗಿ, ಪತ್ರವೊಂದಕ್ಕೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಹೀಗೆ ಕೆಲಸವಿಲ್ಲದೆ ಬಿದ್ದಿದ್ದ ಗುರುತನ್ನೇ ವೆನೆಮಾ ಅಂಚೆಯ ಮುದ್ರೆಯನ್ನಾಗಿಸಿದರು. ಪತ್ರ ಬರುತ್ತಿರುವಾಗ ಅದರ ಕಡತಕ್ಕೆ ಆ ಅನುಮತಿ ಇರುವುದಿಲ್ಲ, ಪೂರ್ಣವಾಗಿ ಬಂದ ಮೇಲಷ್ಟೇ ದೊರೆಯುತ್ತದೆ, ಮತ್ತು ಸರತಿಯನ್ನು ನೋಡಿಕೊಳ್ಳುವ ಪ್ರೋಗ್ರಾಂ ಆ ಗುರುತಿಲ್ಲದ ಕಡತವನ್ನು ಮುಟ್ಟುವುದಿಲ್ಲ. ಕಡತದ ವಿಷಯ ಮೆಮೊರಿಯಿಂದ ಇಳಿದು ಡಿಸ್ಕಿನಲ್ಲಿ ದಾಖಲಾಯಿತೆಂದು ಕಾರ್ಯಾಚರಣ ವ್ಯವಸ್ಥೆ ಖಚಿತಪಡಿಸುವವರೆಗೆ 250 ಹೊರಬೀಳುವುದೂ ಇಲ್ಲ. ನಡುವೆ ಯಂತ್ರ ನಿಂತರೆ ಉಳಿಯುವುದು ಗುರುತಿಲ್ಲದ ಅರೆಬರೆ ಕಡತ. ಪತ್ರ ಇನ್ನೂ ಕಳುಹಿಸಿದವರ ಬಳಿಯಲ್ಲೇ ಇರುತ್ತದೆ.

ವೇಗ ಹೆಚ್ಚುತ್ತದೆಂದು ಸರತಿಯ ಕೋಶವನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇರಿಸುವ ಸಲಹೆ ಈ ಎಚ್ಚರಿಕೆಯನ್ನೆಲ್ಲ ಮಣ್ಣುಪಾಲು ಮಾಡುತ್ತದೆ, ಏಕೆಂದರೆ ವಿದ್ಯುತ್ ಹೋದೊಡನೆ ಒಪ್ಪಿಕೊಂಡ ಪತ್ರಗಳೆಲ್ಲ ಅಳಿದುಹೋಗುತ್ತವೆ. ಯಾರ ಪತ್ರಗಳನ್ನು ಪ್ರಶ್ನಿಸದೆ ಹೊರಗೆ ಸಾಗಿಸಬಹುದೆಂದು ಹೇಳುವ, ಪೋಸ್ಟ್‌ಫಿಕ್ಸ್ ಸಂರಚನಾ ಕಡತದ ‘ಮೈನೆಟ್‌ವರ್ಕ್ಸ್’ ಎಂಬ ಸಾಲಿನಲ್ಲಿ ಇಡೀ ಜಗತ್ತನ್ನೇ ಸೇರಿಸಿಬಿಟ್ಟರೆ ಸರ್ವರ್ ಬೇಡದ ಅಂಚೆಯ ಹೆದ್ದಾರಿಯಾಗುತ್ತದೆ. ಎಲ್ಲೋ ಕಂಡ ಸಾಲುಗಳನ್ನು ಅರ್ಥ ತಿಳಿಯದೆ ನಕಲು ಮಾಡುವುದು ತಾಯಿತ ಕಟ್ಟಿಕೊಂಡಂತೆಯೇ ಹೊರತು ಸಂರಚನೆಯಲ್ಲ. ಹೊಸ ಸಾಲುಗಳನ್ನು ಪರೀಕ್ಷಿಸುವಾಗ ‘ಸಾಫ್ಟ್ ಬೌನ್ಸ್’ ಎಂಬ ಆಯ್ಕೆಯನ್ನು ತೆರೆದಿಟ್ಟರೆ 5ರ ನಿರಾಕರಣೆಗಳೆಲ್ಲ 4ರ ಸೂಚನೆಗಳಾಗಿ ಮಾರ್ಪಟ್ಟು, ತಪ್ಪಾಗಿ ತಳ್ಳಿದ ಪತ್ರಕ್ಕೂ ಮರಳಿ ಬರುವ ಅವಕಾಶ ಸಿಗುತ್ತದೆ.

ಒಂದೇ ಸರ್ವರ್ ಇದ್ದರೆ ಅದು ನಿಂತಾಗ ಪತ್ರಗಳೆಲ್ಲ ಹೋಗಿಬಿಡುತ್ತವೆ, ಆದ್ದರಿಂದ ಮೀಸಲು ಸರ್ವರ್ ಇರಲೇಬೇಕು ಎಂಬ ನಂಬಿಕೆ ಬಹಳ ವ್ಯಾಪಕವಾದದ್ದು. ಸಣ್ಣ ಸಂಸ್ಥೆಗೆ ಇದರ ಅಗತ್ಯವಿಲ್ಲ. ಅಷ್ಟೇ ಅಲ್ಲ, ಕಾವಲು ಸಡಿಲವಾಗಿರುವ ಮೀಸಲು ಸರ್ವರನ್ನೇ ಹುಡುಕಿ ಬೇಡದ ಅಂಚೆಯವರು ನುಗ್ಗುತ್ತಾರೆ. 250 ಎಂಬ ಉತ್ತರ ಸಿಗದ ಪತ್ರ ಕಳುಹಿಸಿದವರ ಸರತಿಯಲ್ಲೇ ಉಳಿದು ಮತ್ತೆ ಮತ್ತೆ ಹೊರಡುತ್ತದೆ. ಪೋಸ್ಟ್‌ಫಿಕ್ಸ್ ತನ್ನ ಮೂಲ ಸಂರಚನೆಯಲ್ಲಿ ಮೊದಲು 300 ಸೆಕೆಂಡ್, ಪತ್ರದ ವಯಸ್ಸು ಹೆಚ್ಚಿದಂತೆ 4000 ಸೆಕೆಂಡ್‌ವರೆಗೆ ಅಂತರ ಬಿಟ್ಟು 5 ದಿನ ಪ್ರಯತ್ನಿಸಿ, ಆಮೇಲೂ ಬಾಗಿಲು ತೆರೆಯದಿದ್ದರೆ ಕಾರಣವನ್ನು ಬರೆದು ಪತ್ರವನ್ನು ಕಳುಹಿಸಿದವರಿಗೇ ಮರಳಿಸುತ್ತದೆ.