'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಬರೆದವರು ಡಿಗ್ರಿಗೆ ಬಂದಾಗ

ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆ ಬರೆದವರಿಗೆಲ್ಲ ಒಂದು ಸಾಲು ಬಾಯಿಪಾಠ ಇರುತ್ತೆ. 'ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು.' ಯಾವ ಗಾದೆಯೇ ಬರಲಿ, ಶುರು ಮಾಡೋದು ಹೀಗೇ. ಆಮೇಲೆ ಗಾದೆಯ ಅರ್ಥ, ಒಂದು ಉದಾಹರಣೆ, ಕೊನೆಗೆ 'ಆದ್ದರಿಂದ ನಾವೆಲ್ಲರೂ' ಅಂತ ಒಂದು ಸಾಲು. ಅಂಕ ಗ್ಯಾರಂಟಿ.

ನನಗೆ ಬಂದಿದ್ದು 'ಕೈ ಕೆಸರಾದರೆ ಬಾಯಿ ಮೊಸರು'. ಕಷ್ಟಪಟ್ಟು ದುಡಿದರೆ ಸುಖ ತಾನಾಗಿಯೇ ಸಿಗುತ್ತೆ ಅಂತ ದುಂಡು ಅಕ್ಷರದಲ್ಲಿ ಬರೆದು ಬಂದೆ. ಆ ಹೊತ್ತಿಗೆ ನಮ್ಮವ್ವ ಬೇರೆಯವರ ಗದ್ದೆಗೆ ಕೂಲಿಗೆ ಹೋಗ್ತಿದ್ದಳು. ಕೆಸರು ಅವಳ ಕೈಯಲ್ಲಿತ್ತು, ಮೊಸರು ಗದ್ದೆಯ ಯಜಮಾನರ ಮನೆಯಲ್ಲಿತ್ತು. ಈ ವಿಷಯವನ್ನು ಉತ್ತರ ಪತ್ರಿಕೆಯಲ್ಲಿ ಬರೆಯಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬರೀತಿರಲಿಲ್ಲ. ಗಾದೆ ಸುಳ್ಳಾಗದು ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಂಡಾಗಿತ್ತಲ್ಲ!

ಈಗ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಪಾಠ ಮಾಡ್ತೀನಿ. ಪ್ರತಿ ಸೆಮಿಸ್ಟರ್‌ನಲ್ಲೂ ಒಂದು ಕಟ್ಟು ಅಸೈನ್‌ಮೆಂಟ್ ಓದಬೇಕು. ಸ್ಟಾಫ್ ರೂಮಿನಲ್ಲಿ ಕೇಳುವ ಮಾತು ಒಂದೇ: 'ಈಗಿನ ಹುಡುಗರಿಗೆ ಬರೆಯೋಕೆ ಬರಲ್ಲ, ಬರೀ ಕಾಪಿ.' ನನಗೆ ಈ ಮಾತು ಅರ್ಧ ಸತ್ಯ ಅನ್ನಿಸುತ್ತೆ. ಅವರಿಗೆ ಬರೆಯೋಕೆ ಬರುತ್ತೆ. ಹನ್ನೆರಡು ವರ್ಷ ಒಂದು ಬಗೆಯ ಬರವಣಿಗೆಯನ್ನು ಶಿಸ್ತಾಗಿ ಕಲಿತು, ಅದರಲ್ಲಿ ಪಾಸಾಗಿಯೇ ನಮ್ಮ ಮುಂದೆ ಬಂದು ಕೂತಿದ್ದಾರೆ. ಇಲ್ಲಿ ಆಟವೇ ಬೇರೆ ಅಂತ ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ.

ಶಾಲೆಯ ಉತ್ತರ ಯಾರಿಗಾಗಿ?

ಶಾಲೆಯನ್ನೋ ಶಿಕ್ಷಕರನ್ನೋ ಬೈಯೋದು ಸುಲಭ. ಆದರೆ ವ್ಯವಸ್ಥೆಯನ್ನು ಸ್ವಲ್ಪ ನೋಡಿ. ರಾಜ್ಯದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್‌ಎಸ್‌ಎಲ್‌ಸಿ ಬರೀತಾರೆ. ಮೌಲ್ಯಮಾಪಕರ ಕೈಯಲ್ಲಿ ಕೀ ಉತ್ತರ ಇರುತ್ತೆ, ಮುಂದೆ ಪತ್ರಿಕೆಗಳ ಕಟ್ಟು ಇರುತ್ತೆ. ಒಂದು ಉತ್ತರದ ಮೇಲೆ ಅವರ ಕಣ್ಣು ನಿಲ್ಲೋದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಪಾಯಿಂಟ್ ಕಣ್ಣಿಗೆ ಬೀಳಬೇಕು. ಅದಕ್ಕೇ ಅಂಡರ್‌ಲೈನ್, ಅದಕ್ಕೇ ನಂಬರ್ ಹಾಕಿದ ಅಂಶಗಳು, ಅದಕ್ಕೇ ಪಠ್ಯಪುಸ್ತಕದ ಪದವನ್ನೇ ಇಡೋದು. 'ಸ್ವಂತ ವಾಕ್ಯದಲ್ಲಿ ಬರೀರಿ' ಅಂತ ಮೇಷ್ಟ್ರು ಹೇಳಿದರೂ, ಕೀ ಉತ್ತರದಲ್ಲಿರುವ ಪದ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತೆ ಅನ್ನುವ ಭಯ ಪ್ರತಿ ಮಗುವಿಗೂ ಇರುತ್ತೆ. ಪಿಯುಸಿಯಲ್ಲಿ ಇದಕ್ಕೆ ಗೈಡು, ಪ್ರಶ್ನೆಕೋಶ, 'ಐಎಂಪಿ' ಪಟ್ಟಿ ಸೇರಿಕೊಳ್ಳುತ್ತವೆ.

ಅಂದರೆ ಶಾಲೆಯ ಉತ್ತರವನ್ನು ಓದುವವರಿಗೆ ಉತ್ತರ ಮೊದಲೇ ಗೊತ್ತು. ನಿನಗೂ ಗೊತ್ತಾ ಅಂತ ನೋಡೋದಷ್ಟೇ ಅವರ ಕೆಲಸ. ಕಾಲೇಜು ಮಟ್ಟದ ಬರವಣಿಗೆಯಲ್ಲಿ, ಅದು ಸರಿಯಾಗಿ ನಡೆದರೆ, ಓದುವವರಿಗೆ ನೀವು ಏನು ಹೇಳ್ತೀರಿ ಅಂತ ಮೊದಲೇ ಗೊತ್ತಿರಲ್ಲ. ಅವರನ್ನು ನೀವು ಒಪ್ಪಿಸಬೇಕು. ಉಳಿದ ಎಲ್ಲ ವ್ಯತ್ಯಾಸಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಒಂದು ಉದಾಹರಣೆ ತಗೊಳ್ಳೋಣ. ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆ: 'ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯನ್ನು ವಿವರಿಸಿ.'

'ಉಳುವವನೇ ಒಡೆಯ' ಅಂದರೆ ಯಾರು?

ಬರುವ ಅಸೈನ್‌ಮೆಂಟ್‌ಗಳಲ್ಲಿ ಬಹುಪಾಲು ಹೀಗಿರುತ್ತವೆ: 'ಪೀಠಿಕೆ: ಭಾರತ ಹಳ್ಳಿಗಳ ದೇಶ. ಕೃಷಿ ದೇಶದ ಬೆನ್ನೆಲುಬು.' ನಂತರ 1961ರ ಕಾಯ್ದೆ, 1974ರ ತಿದ್ದುಪಡಿ, ಗೇಣಿ ಪದ್ಧತಿ ರದ್ದು, ಭೂ ನ್ಯಾಯಮಂಡಳಿಗಳು, ಭೂಮಿತಿ. ಪ್ರತಿಯೊಂದಕ್ಕೂ ಎರಡು ಸಾಲು. 'ಉಪಸಂಹಾರ: ಹೀಗೆ ಅರಸು ಅವರು ಉಳುವವನೇ ಭೂಮಿಯ ಒಡೆಯ ಎಂಬ ಕ್ರಾಂತಿಕಾರಿ ಕಾನೂನಿನ ಮೂಲಕ ಅಮರರಾದರು.'

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ಓದಿ ಮುಗಿಸಿದಾಗ ಬರೆದವರು ಏನು ಅಂದುಕೊಂಡಿದ್ದಾರೆ ಅಂತ ಗೊತ್ತಾಗಲ್ಲ. ಹೆಸರು ಮುಚ್ಚಿಟ್ಟು ಐವತ್ತು ಅಸೈನ್‌ಮೆಂಟ್ ಓದಿದರೆ ಐವತ್ತೂ ಒಬ್ಬರೇ ಬರೆದ ಹಾಗೆ ಕಾಣುತ್ತೆ.

ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಇಂಥದ್ದೇ ಒಂದನ್ನು ತಂದುಕೊಟ್ಟಳು. ವಾಪಸ್ ಕೊಟ್ಟು, 'ನಿಮ್ಮೂರಲ್ಲಿ ಯಾರಿಗೆ ಜಮೀನು ಬಂತು?' ಅಂತ ಕೇಳಿದೆ. 'ನಮ್ಮಜ್ಜನಿಗೇ ಬಂತು ಸರ್, ಎರಡೆಕರೆ' ಅಂದಳು. 'ಮತ್ತೆ ಯಾರಿಗೆ ಬರಲಿಲ್ಲ?' ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೇರಿಯವರಿಗೆ ಬರಲಿಲ್ಲ. ಅವರು ಆ ಗದ್ದೆಯಲ್ಲೇ ಕೂಲಿ ಮಾಡ್ತಿದ್ದರಂತೆ' ಅಂದಳು. ಅಸೈನ್‌ಮೆಂಟ್ ಇರೋದು ಅಲ್ಲೇ ಅಂತ ಹೇಳಿ ಕಳಿಸಿದೆ.

ಈಗ ಕಾನೂನನ್ನು ಓದಬೇಕಾಗುತ್ತೆ, ಗೈಡನ್ನಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂತು. ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಹಕ್ಕು ಪಡೆಯಬೇಕಿತ್ತು. ಹಾಗಾದರೆ ಹಕ್ಕು ಬಂದಿದ್ದು ಗೇಣಿದಾರನಿಗೆ. ಕೂಲಿಯವರಿಗೆ ಅಲ್ಲ. ಕಾಯ್ದೆಯಲ್ಲಿ 'ಸ್ವಂತ ಸಾಗುವಳಿ'ಯ ವ್ಯಾಖ್ಯಾನವೂ ಕುತೂಹಲಕರ. ತಾನೇ ದುಡಿದರೂ ಸ್ವಂತ ಸಾಗುವಳಿ, ಮನೆಯವರು ದುಡಿದರೂ ಸ್ವಂತ ಸಾಗುವಳಿ, ಸ್ವಂತ ಉಸ್ತುವಾರಿಯಲ್ಲಿ ಕೂಲಿಯವರಿಂದ ಮಾಡಿಸಿದರೂ ಸ್ವಂತ ಸಾಗುವಳಿಯೇ. ಘೋಷಣೆಯಲ್ಲಿರುವ 'ಉಳುವವನು' ಬೇರೆ, ಕಾನೂನಿನಲ್ಲಿರುವ 'ಉಳುವವನು' ಬೇರೆ. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಈ ಕಾನೂನು ಮಾಡಿದ ಬದಲಾವಣೆ ದೊಡ್ಡದು, ಅದನ್ನು ಕಡೆಗಣಿಸುವ ಹಾಗಿಲ್ಲ. ಹಾಗೇ ಗೇಣಿ ಚೀಟಿ ಇಲ್ಲದ, ಕೂಲಿಯನ್ನೇ ನಂಬಿದ್ದ ದಲಿತ ಕುಟುಂಬಗಳ ಪಾಲಿಗೆ ಇದು ಎಷ್ಟರಮಟ್ಟಿಗೆ ಕ್ರಾಂತಿ ಅನ್ನೋದು ಗಟ್ಟಿ ಪ್ರಶ್ನೆ.

ವಿದ್ವಾಂಸರಲ್ಲೂ ಇದರ ಬಗ್ಗೆ ಜಗಳ ಇದೆ. ನರೇಂದರ್ ಪಾಣಿ ಅವರು 1983ರಲ್ಲಿ ಕರ್ನಾಟಕದ ಭೂಶಾಸನದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ 'ಬದಲಾವಣೆಯನ್ನು ಮೊದಲೇ ತಡೆಯುವ ಸುಧಾರಣೆಗಳು' ಅನ್ನಬಹುದು. ಪುಸ್ತಕದ ಹೆಸರೇ ಒಂದು ವಾದ ನೋಡಿ. ಯಾರಾದರೂ 'ಇಲ್ಲ, ಹಾಗಲ್ಲ' ಅಂತ ಎದ್ದು ನಿಲ್ಲೋಕೆ ಅದರಲ್ಲಿ ಜಾಗ ಇದೆ. 'ಭೂಸುಧಾರಣೆಯ ಪ್ರಮುಖ ಅಂಶಗಳು' ಅನ್ನುವ ತಲೆಬರಹಕ್ಕೆ ಯಾರೂ ಎದುರಾಡೋಕೆ ಆಗಲ್ಲ. ನಿಮ್ಮ ಬರಹಕ್ಕೆ ವಾದ ಇದೆಯಾ ಇಲ್ವಾ ಅಂತ ಪರೀಕ್ಷಿಸೋಕೆ ನನಗೆ ಗೊತ್ತಿರುವ ಸುಲಭದ ದಾರಿ ಇದು: ಬುದ್ಧಿವಂತರೊಬ್ಬರು ಇದನ್ನು ಒಪ್ಪದೇ ಇರಬಹುದಾ? ಇರಬಹುದು ಅಂದರೆ ಅಲ್ಲೇನೋ ಇದೆ.

ಇದು ಬರೀ ಅಂಕದ ಮಾತೂ ಅಲ್ಲ. 2020ರ ತಿದ್ದುಪಡಿಯಲ್ಲಿ ಇದೇ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಇದ್ದ ಅಡ್ಡಿ ಸರಿಸಲಾಯಿತು. ಆಗ ನಮ್ಮ ಕಾಲೇಜು ಹುಡುಗರು ಸ್ಟೇಟಸ್ ಹಾಕಿದ್ದೇ ಹಾಕಿದ್ದು, ಪರವಾಗಿಯೂ ವಿರೋಧವಾಗಿಯೂ. 79ಬಿ ಏನು ಹೇಳ್ತಿತ್ತು ಅಂತ ಕೇಳಿದರೆ ಎರಡೂ ಕಡೆಯವರೂ ಮೌನ. ಪೀಠಿಕೆ-ಉಪಸಂಹಾರದ ಅಭ್ಯಾಸ ಪರೀಕ್ಷಾ ಕೊಠಡಿಯಲ್ಲೇ ಉಳಿಯಲ್ಲ.

'ಇದು ಯಾರ ಮಾತು?'

ನಾನು ಎಂಎಗೆ ಸೇರಿದಾಗ ಕೊಟ್ಟ ಮೊದಲ ಸೆಮಿನಾರ್ ಪೇಪರ್ ವಾಪಸ್ ಬಂದಾಗ ಪ್ರತಿ ಪುಟದ ಅಂಚಿನಲ್ಲೂ ಒಂದೇ ಪ್ರಶ್ನೆ ಇತ್ತು: 'ಇದು ಯಾರ ಮಾತು?' ಐದಾರು ಪುಸ್ತಕಗಳಿಂದ ಚೆನ್ನಾದ ಪ್ಯಾರಾಗಳನ್ನು ಆರಿಸಿ, ನಡುವೆ 'ಅಲ್ಲದೆ', 'ಇದರ ಜೊತೆಗೆ' ಅಂತ ಹಾಕಿ ಹೊಲಿದಿದ್ದೆ. ಕದ್ದೆ ಅನ್ನುವ ಭಾವನೆ ಒಂಚೂರೂ ಇರಲಿಲ್ಲ. ದೊಡ್ಡವರು ಹೇಳಿದ್ದನ್ನು ಯಥಾವತ್ ಒಪ್ಪಿಸೋದು ಗೌರವ ಅಂತಲೇ ಕಲಿತಿದ್ದೆ. ತರಗತಿಯಲ್ಲಿ ಅವಮಾನ ಆಯ್ತು, ಹಾಸ್ಟೆಲಿಗೆ ಬಂದು ಕೋರ್ಸ್ ಬಿಟ್ಟುಬಿಡೋಣ ಅಂದುಕೊಂಡಿದ್ದೂ ಹೌದು. ಪಕ್ಕದ ರೂಮಿನ, ನಗರದ ಕಾಲೇಜಿಂದ ಬಂದಿದ್ದ ಗೆಳೆಯನಿಗೆ ಅಡಿಟಿಪ್ಪಣಿ ಹಾಕೋದು ಮೊದಲೇ ಗೊತ್ತಿತ್ತು. ಅವನೇ ಒಂದು ರಾತ್ರಿ ಕೂತು ಹೇಳಿಕೊಟ್ಟ.

ಸಂಶೋಧನೆಯ ಹಂತಕ್ಕೆ ಬಂದರೆ ನಿಯಮ ಕಠಿಣ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಹದಿನೈದನೇ ವಯಸ್ಸಿನಲ್ಲಿ ಯಾವ ಕೆಲಸ ಮಾಡಿ ಶಹಬ್ಬಾಸ್ ಅನ್ನಿಸಿಕೊಂಡೆವೋ ಅದೇ ಕೆಲಸ ಇಪ್ಪತ್ತೈದರಲ್ಲಿ ಅಪರಾಧ. ಈ ನಡುವಿನ ಹತ್ತು ವರ್ಷದಲ್ಲಿ ಯಾವತ್ತು, ಯಾರು ನಮಗೆ ಹೇಳಿದರು? ಕೆಲವು ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳು ಮೊದಲ ವರ್ಷದಲ್ಲೇ ಬರವಣಿಗೆಗೆ ಅಂತ ಬೇರೆ ಕೋರ್ಸ್ ಇಟ್ಟಿವೆ. ನಾನು ಪಾಠ ಮಾಡಿರುವ ಸರ್ಕಾರಿ ಕಾಲೇಜುಗಳಲ್ಲಿ ಅಂಥದ್ದು ಇಲ್ಲ. ಮನೆಯಲ್ಲಿ ಓದಿದವರಿದ್ದರೆ, ಒಳ್ಳೆ ಹಾಸ್ಟೆಲ್‌ಮೇಟ್ ಸಿಕ್ಕರೆ ಗೊತ್ತಾಗುತ್ತೆ. ಇಲ್ಲಾಂದರೆ 'ಕಾಪಿ ಹೊಡೆಯೋ ಹುಡುಗರು' ಅನ್ನುವ ಹಣೆಪಟ್ಟಿ.

ಉಲ್ಲೇಖ ಕೊಡೋದನ್ನು ನಮ್ಮ ಹುಡುಗರು ಅಲಂಕಾರ ಅಂದುಕೊಳ್ಳುತ್ತಾರೆ. 'ಬಲ್ಲವರು ಹೇಳುವಂತೆ', 'ಇತಿಹಾಸಕಾರರ ಪ್ರಕಾರ' ಅಂತ ಬರೀತಾರೆ. ಯಾವ ಬಲ್ಲವರು, ಯಾವ ಪುಸ್ತಕದಲ್ಲಿ, ಯಾವ ಪುಟದಲ್ಲಿ? ಓದುವವರು ಹೋಗಿ ನೋಡಿ, 'ಇಲ್ಲ, ಅವರು ಹಾಗೆ ಹೇಳಿಲ್ಲ' ಅಂತ ನಿಮ್ಮ ಮುಂದೆ ಬಂದು ನಿಲ್ಲುವ ದಾರಿ ತೆರೆದಿಡೋದೇ ಉಲ್ಲೇಖ. ವಾಟ್ಸಾಪ್ ಫಾರ್ವರ್ಡ್ ಬಂದಾಗ 'ಸೋರ್ಸ್ ಏನು?' ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆಯನ್ನು ನಮ್ಮ ಬರಹಕ್ಕೂ ಕೇಳಿಕೊಳ್ಳಬೇಕು.

ಚಾಟ್‌ಜಿಪಿಟಿ ಬಗ್ಗೆ ಒಂದು ಮಾತು. ಅದರಲ್ಲಿ ಬರೆಸಿದ ಅಸೈನ್‌ಮೆಂಟ್ ಈಗ ಬರ್ತಾನೇ ಇವೆ. ನನಗೆ ಕಾಣೋದು ಇಷ್ಟು: ಅದು ಕೊಡೋದು ನನ್ನ ಹತ್ತನೇ ಕ್ಲಾಸಿನ ಉತ್ತರವನ್ನೇ, ಇನ್ನೂ ನೀಟಾಗಿ. ಪೀಠಿಕೆ, ಐದು ಅಂಶ, ಎಲ್ಲರನ್ನೂ ಸಮಾಧಾನ ಮಾಡುವ ಉಪಸಂಹಾರ. ಕೇರಿಯವರಿಗೆ ಯಾಕೆ ಜಮೀನು ಬರಲಿಲ್ಲ ಅನ್ನುವ ಪ್ರಶ್ನೆಯನ್ನು ಅದು ತಾನಾಗಿ ಕೇಳಿದ್ದನ್ನು ನಾನು ಇನ್ನೂ ನೋಡಿಲ್ಲ.

ಪುಸ್ತಕ ಮುಚ್ಚಿ ಬರೆಯೋದು

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಗೋಡೆ ಇದೆ. ಓದಬೇಕಾದ ಸಾಮಗ್ರಿ ಹೆಚ್ಚಿನದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಅಂತ ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತ್ತು. ಒಳ್ಳೆಯದೇ. ಆದರೆ ಬರೆಯೋಕೆ ಬಿಟ್ಟ ಮಾತ್ರಕ್ಕೆ ಓದೋಕೆ ಪುಸ್ತಕ ಹುಟ್ಟಿಕೊಳ್ಳಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ತಂದಿರುವ ಸಂಶೋಧನಾ ಪುಸ್ತಕಗಳು ನಮ್ಮ ಕಾಲೇಜು ಲೈಬ್ರರಿಗಳಲ್ಲಿ ಎಷ್ಟು ಸಿಗುತ್ತವೆ ಅಂತ ಒಮ್ಮೆ ಹೋಗಿ ನೋಡಿ.

ಇಲ್ಲಿ ನನಗೆ ಉಪಯೋಗಕ್ಕೆ ಬಂದ ಒಂದು ಉಪಾಯ: ಇಂಗ್ಲಿಷ್ ಪುಟವನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ಪುಸ್ತಕ ಮುಚ್ಚಿ, ಅಲ್ಲಿ ಏನಿತ್ತು ಅಂತ ಊರಿನ ಕನ್ನಡದಲ್ಲಿ ಒಬ್ಬರಿಗೆ ಹೇಳೋದು. ಹೇಳಿದ್ದನ್ನು ಬರೆದುಕೊಳ್ಳೋದು. ಹೇಳೋಕೆ ಬರದಿದ್ದರೆ ಅರ್ಥ ಆಗಿಲ್ಲ ಅಂತ, ಮತ್ತೆ ಪುಸ್ತಕ ತೆಗೆಯಬೇಕು. ಪುಸ್ತಕ ತೆರೆದಿಟ್ಟು ಸಾಲು ಸಾಲಾಗಿ ಕನ್ನಡಿಸಿದರೆ ಅದೂ ಕಾಪಿಯೇ, ಭಾಷೆ ಬದಲಾಗಿದೆ ಅಷ್ಟೇ. ಮುಚ್ಚಿ ಬರೆದಾಗ ಮಾತ್ರ ವಾಕ್ಯ ನಮ್ಮದಾಗುತ್ತೆ, ವಿಚಾರ ಯಾರದ್ದು ಅಂತ ಅಡಿಟಿಪ್ಪಣಿ ಹೇಳುತ್ತೆ.

ಇನ್ನು ಮತ್ತೆ ಮತ್ತೆ ತಿದ್ದುವುದು. ಪರೀಕ್ಷೆಯಲ್ಲಿ ಒಂದೇ ಸಲ ಬರೀತೀವಿ, ಚಿತ್ತು ಮಾಡಿದರೆ ನೀಟ್‌ನೆಸ್ ಹೋಯ್ತು ಅನ್ನುವ ಭಯ. ಅಸೈನ್‌ಮೆಂಟಿನಲ್ಲಿ ಮೊದಲ ಕರಡು ನಮಗಾಗಿ, ನಾವು ಏನು ಹೇಳ್ತಿದ್ದೀವಿ ಅಂತ ಕಂಡುಕೊಳ್ಳೋಕೆ. ಎಷ್ಟೋ ಸಲ ನಿಜವಾದ ವಾದ ಕೊನೆಯ ಪ್ಯಾರಾದಲ್ಲಿ ಸಿಗುತ್ತೆ. ಅದನ್ನು ಎತ್ತಿ ಮೇಲಿಟ್ಟು, 'ಭಾರತ ಹಳ್ಳಿಗಳ ದೇಶ'ವನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು.

ಒಂದು ವಿಷಯ ಮುಚ್ಚಿಡಬಾರದು. ನಮ್ಮ ಸೆಮಿಸ್ಟರ್ ಪರೀಕ್ಷೆ ಈಗಲೂ ಬಹುಪಾಲು ಶಾಲೆಯ ಉತ್ತರವನ್ನೇ ಕೇಳುತ್ತೆ. 'ವಿವರಿಸಿ', 'ಟಿಪ್ಪಣಿ ಬರೆಯಿರಿ'. ಹಾಗಾಗಿ ಮಕ್ಕಳಿಗೆ ನಾನು ಹೇಳೋದು, ಎರಡೂ ಕಲೀರಿ, ಯಾವುದು ಎಲ್ಲಿಗೆ ಅಂತ ತಿಳ್ಕೊಳ್ಳಿ. ಐವತ್ತು-ಅರವತ್ತು ಅಸೈನ್‌ಮೆಂಟ್ ಎರಡೆರಡು ಸಲ ಓದುವುದು ಅತಿಥಿ ಉಪನ್ಯಾಸಕರಿಗೆ ಎಷ್ಟು ಸಾಧ್ಯ ಅನ್ನೋದು ಬೇರೆಯೇ ಕತೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವರಿಂದ ಕರಡು ತಿದ್ದಿಸುವ ವ್ಯವಸ್ಥೆ ನಮ್ಮದು.

ಆ ವಿದ್ಯಾರ್ಥಿನಿ ಹದಿನೈದು ದಿನ ಬಿಟ್ಟು ಬಂದಳು. ಅಜ್ಜನ ಜಮೀನಿನ ಪಹಣಿಯ ಜೆರಾಕ್ಸ್ ಇತ್ತು, ಕೇರಿಯ ಇಬ್ಬರು ಹಿರಿಯರ ಜೊತೆ ಮಾತಾಡಿ ಬರೆದುಕೊಂಡ ನೋಟ್ಸ್ ಇತ್ತು. ಕಾಗುಣಿತದ ತಪ್ಪು ಸಾಕಷ್ಟಿದ್ದವು. ಪೀಠಿಕೆ ಇರಲಿಲ್ಲ. ಮೊದಲ ಸಾಲು ಹೀಗಿತ್ತು: 'ಉಳುವವನೇ ಒಡೆಯ ಎಂಬ ಕಾನೂನು ನನ್ನ ಅಜ್ಜನನ್ನು ಒಡೆಯನನ್ನಾಗಿ ಮಾಡಿತು, ಆದರೆ ನಾನು ಕೇಳಿದ ಪ್ರಕಾರ ನನ್ನ ಅಜ್ಜ ಉಳುತ್ತಿರಲಿಲ್ಲ.'

ಕೊಡುವಾಗ ಅವಳು ಕೇಳಿದ್ದು ಒಂದೇ: 'ಸರ್, ಇದನ್ನ ಅಪ್ಪ ಓದಲ್ಲ ತಾನೇ?'