ಮುಯ್ಯಾಳು ನಮ್ಮಲ್ಲಿ ಮಾತ್ರವೇ?

ಪ್ರಶ್ನೆ: ನಾಟಿ ಕಾಲದಲ್ಲಿ ನಮ್ಮೂರಿನವರು ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಬೇರೆ ದೇಶಗಳ ಹಳ್ಳಿಗಳಲ್ಲೂ ಈ ಪದ್ಧತಿ ಇದೆಯೇ?

ಉತ್ತರ: ಇದೆ, ಅದೂ ನಮ್ಮ ಗಾಳಿಯೇ ಸೋಕದ ಕಡೆಗಳಲ್ಲಿ. ಪೆರು, ಬೊಲಿವಿಯಾಗಳ ಆಂಡಿಸ್ ಬೆಟ್ಟಗಳಲ್ಲಿ ಕೆಚುವಾ ಮತ್ತು ಐಮಾರಾ ಜನ ಆಲೂಗಡ್ಡೆ ಬಿತ್ತಲು, ಮನೆ ಕಟ್ಟಲು ಹೀಗೇ ಕೈಜೋಡಿಸುತ್ತಾರೆ. ಅಲ್ಲಿ ಇದು ‘ಐನಿ’. ಕರೆದ ಮನೆಯವರು ಊಟ ಹಾಕಬೇಕು; ಜೊತೆಗೆ ಚಿಚಾ ಎಂಬ ಮುಸುಕಿನ ಜೋಳದ ಮದ್ಯವೂ ಇರುವುದುಂಟು. (ನಮ್ಮಲ್ಲಿ ಕೋಳಿ ಸಾರಿನ ಆಸೆಗೇ ಬರುವವರಿಲ್ಲವೇ!) ಜಪಾನಿನ ಶಿರಕಾವಾ-ಗೋ ಹಳ್ಳಿಗಳ ಎತ್ತರದ ಹುಲ್ಲು ಚಾವಣಿಗಳನ್ನು ಹೊಸದಾಗಿ ಹೊದಿಸಲು ಊರಿಗೆ ಊರೇ ಸೇರುತ್ತಿತ್ತು. ಅದು ‘ಯುಇ’. 1995ರಲ್ಲಿ ಯುನೆಸ್ಕೊ ಈ ಹಳ್ಳಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಐರ್ಲೆಂಡಿನ ರೈತರಲ್ಲೂ ಇಂಥದೊಂದು ರೂಢಿಯಿತ್ತು.

ಇವರು ಯಾರೂ ಒಬ್ಬರಿಂದೊಬ್ಬರು ಕಲಿತವರಲ್ಲ. ಹದ ನಾಲ್ಕು ದಿನ ನಿಂತರೆ ಹೆಚ್ಚು, ಮನೆಯವರ ಕೈ ಸಾಲದು, ಕೂಲಿ ಕೊಡಲು ಕಾಸಿಲ್ಲ: ಈ ಮೂರೂ ಕೂಡಿದಲ್ಲಿ ಕೆಲಸವನ್ನೇ ಸಾಲ ಕೊಟ್ಟು ತೀರಿಸಿಕೊಳ್ಳುವುದು ಸಹಜ. ಇದನ್ನು ಬರೀ ಹಳ್ಳಿಗರ ಒಳ್ಳೆಯತನವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ದೊಡ್ಡ ಜಮೀನ್ದಾರರಿಗಂತೂ ಇದರ ಗೊಡವೆಯೇ ಬೇಕಿರಲಿಲ್ಲ, ಅವರಿಗೆ ಆಳುಗಳಿದ್ದರು.

ಯಂತ್ರ ಮತ್ತು ಕೂಲಿ ಬಂದಲ್ಲೆಲ್ಲ ಪದ್ಧತಿ ಸೊರಗಿದೆ. ಶಿರಕಾವಾ-ಗೋದಲ್ಲೂ ಈಗ ಎಷ್ಟೋ ಚಾವಣಿಗಳನ್ನು ಹಣ ಕೊಟ್ಟೇ ಹೊದಿಸುತ್ತಾರೆ.