ಸವೆದಷ್ಟೂ ಹರಿತ

ಅಡುಗೆಮನೆಗೆ ಚಿಮಣಿ ಕೂರಿಸಬೇಕು, ಶೌಚಾಲಯದ ಪೈಪು ಗೋಡೆ ದಾಟಿಸಬೇಕು ಎಂದಾಗ ಬೆಂಗಳೂರಿನಂಥ ಊರುಗಳಲ್ಲಿ ಈಗ ಕರೆ ಹೋಗುವುದು ಕೋರ್ ಕಟಿಂಗ್‌ನವರಿಗೆ. ಅವರು ತರುವುದು ದಪ್ಪ ಮೋಟಾರಿನ ಡ್ರಿಲ್, ಅದರ ಮೂತಿಗೆ ತಿರುಪಿ ಕೂರಿಸುವ, ಬಿಟ್ ಎನ್ನುವ ಉಕ್ಕಿನ ಕೊಳವೆ, ಒಂದಿಷ್ಟು ಉದ್ದದ ನೀರಿನ ಪೈಪು. ಉಳಿ ಸುತ್ತಿಗೆಯಲ್ಲಿ ಅರ್ಧ ದಿನ ಬಡಿದು, ಆಮೇಲೆ ಕಿತ್ತುಹೋದ ಪ್ಲಾಸ್ಟರಿಗೆ ಗಾರೆ ಮೆತ್ತುವ ಕೆಲಸ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಗೋಡೆಯಿಂದ ದುಂಡನೆಯ ತುಂಡೊಂದು ಇಡಿಯಾಗಿ ಹೊರಬರುತ್ತದೆ.

ಇಡಿಯಾಗಿ ಬರುವುದರಲ್ಲೇ ಅರ್ಧ ಗುಟ್ಟಿದೆ. 100 ಮಿಲಿಮೀಟರ್ ವ್ಯಾಸದ ತೂತನ್ನು ಪೂರ್ತಿ ಪುಡಿ ಮಾಡುತ್ತ ಕೊರೆದರೆ ಬಿಟ್‌ಗೆ ಎದುರಾಗುವ ಮೇಲ್ಮೈ ಸುಮಾರು 7,850 ಚದರ ಮಿಲಿಮೀಟರ್. ಕೊಳವೆಯ ಅಂಚು 4 ಮಿಲಿಮೀಟರ್ ದಪ್ಪವಿದ್ದರೆ ಅದು ತೇಯಬೇಕಾದ ಉಂಗುರ ಸುಮಾರು 1,200 ಅಷ್ಟೇ. ನಡುವಿನ ತಿರುಳನ್ನು ಮುಟ್ಟುವ ಗೋಜೇ ಇಲ್ಲ. ಈ ಲೆಕ್ಕ ಈಜಿಪ್ಟಿನ ಕಲ್ಲುಕುಟಿಗರಿಗೆ ನಾಲ್ಕು ಸಾವಿರ ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. ಅವರು ತಾಮ್ರದ ಕೊಳವೆಯ ಕೆಳಗೆ ಮರಳು ಸುರಿದು ತಿರುಗಿಸುತ್ತ ಗ್ರಾನೈಟನ್ನು ಕೊರೆದರು. ಅಲ್ಲಿ ಬಿದ್ದಿದ್ದ ತಿರುಳುಗಳನ್ನು 19ನೇ ಶತಮಾನದಲ್ಲಿ ಆಯ್ದು ತಂದ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ, ಕೊಳವೆಗೆ ರತ್ನಗಳನ್ನು ಕೂರಿಸಿದ್ದಿರಬೇಕು ಎಂದು ಊಹಿಸಿದ್ದ. ತಾಮ್ರ, ಮರಳು ಎರಡೇ ಸಾಕೆಂದು ಮುಂದೆ ಡೆನಿಸ್ ಸ್ಟಾಕ್ಸ್ ಮಾಡಿದ ಪ್ರಯೋಗಗಳು ತೋರಿಸಿದವು.

ನಿಜವಾಗಿಯೂ ವಜ್ರ ಕೂರಿಸಿದ್ದು 1860ರ ದಶಕದಲ್ಲಿ. ಜಿನೀವಾದ ಗಡಿಯಾರ ತಜ್ಞ ಜಾರ್ಜ್ ಲೆಶೋ ಮತ್ತು ಅವನ ಮಗ ರೊಡಾಲ್ಫ್, ಉಕ್ಕಿನ ಉಂಗುರಕ್ಕೆ ವಜ್ರ ಕಚ್ಚಿಸಿ ಬಂಡೆ ಕೊರೆಯುವ ಯಂತ್ರ ಮಾಡಿದರು. ಆದರೂ ಮನೆಗೋಡೆಗೆ ವಜ್ರ ಬಳಸುವುದು ದುಂದಿನ ಮಾತೇ ಆಗಿತ್ತು. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಕೃತಕ ವಜ್ರ ತಯಾರಿಸಿದ ಮೇಲೆ ದಾರಿ ತೆರೆಯಿತು. ಇಂದಿನ ಬಿಟ್‌ಗಳಲ್ಲಿರುವುದು ಅಂಥ ವಜ್ರವೇ, ಅರ್ಧ ಮಿಲಿಮೀಟರಿಗಿಂತ ಸಣ್ಣ ಹರಳುಗಳಾಗಿ. ಕೋಬಾಲ್ಟ್, ಕಬ್ಬಿಣ, ಕಂಚಿನಂಥ ಲೋಹಗಳ ಪುಡಿಯೊಂದಿಗೆ ಬೆರೆಸಿ, ಒತ್ತಿ, ಕಾಯಿಸಿ ಮಾಡಿದ ಬಿಲ್ಲೆಗಳನ್ನು ಕೊಳವೆಯ ಬಾಯಿಗೆ ಬೆಸೆದಿರುತ್ತಾರೆ. ಇವಕ್ಕೆ ಸೆಗ್ಮೆಂಟ್ ಎನ್ನುತ್ತಾರೆ.

ವಜ್ರದ ಗಡಸುತನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಅದನ್ನು ಹಿಡಿದಿಟ್ಟ ಲೋಹದ ನಡತೆ. ಗೋಡೆಯನ್ನು ಗೀರುತ್ತ ವಜ್ರದ ಮೊನೆಯೂ ಮೊಂಡಾಗುತ್ತದೆ, ಮುರಿಯುತ್ತದೆ. ಆ ಹೊತ್ತಿಗೆ ಸುತ್ತಲಿನ ಲೋಹ ತೇದುಹೋಗಿ ಹಳೆಯ ಹರಳು ಉದುರಬೇಕು, ಒಳಗಿನ ಹೊಸದು ತಲೆ ಎತ್ತಬೇಕು. ಕುಡುಗೋಲು ಮೊಂಡಾದರೆ ಗದ್ದೆಯಿಂದ ಬಂದು ಸಾಣೆಕಲ್ಲು ಹುಡುಕಬೇಕು. ಇಲ್ಲಿ ಕೊಯ್ಯಿಸಿಕೊಳ್ಳುವ ಗೋಡೆಯೇ ಸಾಣೆಕಲ್ಲು.

ಹಾಗಾಗಿ ಬಿಟ್ ಆರಿಸುವ ನಿಯಮ ಕೇಳಿದರೆ ತಲೆಕೆಳಗೆನಿಸುತ್ತದೆ. ಇಟ್ಟಿಗೆ ಮೆದು, ಆದರೆ ಅದರ ಪುಡಿ ಮರಳಿನಂತೆ ಉಜ್ಜಿ ಲೋಹವನ್ನು ಬೇಗ ತಿಂದುಬಿಡುತ್ತದೆ, ಇನ್ನೂ ಚೂಪಾಗಿರುವ ವಜ್ರಗಳೂ ಉದುರಿಹೋಗುತ್ತವೆ. ಅದಕ್ಕೆ ಗಟ್ಟಿ ಲೋಹದ ಸೆಗ್ಮೆಂಟ್ ಬೇಕು. ಗ್ರಾನೈಟ್ ಜಲ್ಲಿಯ ಬಲವಾದ ಕಾಂಕ್ರೀಟಿನ ಪುಡಿ ನಯ, ಲೋಹವನ್ನು ಅಷ್ಟಾಗಿ ತೇಯುವುದಿಲ್ಲ. ಅದಕ್ಕೆ ಮೆದು ಲೋಹವೇ ಸರಿ. ಇಟ್ಟಿಗೆಯ ಬಿಟ್ ಹಿಡಿದು ಕಾಂಕ್ರೀಟಿಗೆ ಹೊರಟರೆ ಅಂಚು ಕನ್ನಡಿಯಂತೆ ಹೊಳೆಯತೊಡಗಿ, ಬಿಟ್ ಸುಮ್ಮನೆ ಸುತ್ತುತ್ತದೆ, ಒಳಗೆ ಇಳಿಯುವುದಿಲ್ಲ. ಎಷ್ಟು ಒತ್ತಿದರೂ ಬಿಸಿಯಾಗುವುದಷ್ಟೇ ಲಾಭ. ತಾತ್ಕಾಲಿಕ ಮದ್ದು, ಅದನ್ನು ಮರಳುಗಲ್ಲಿಗೋ ಇಟ್ಟಿಗೆಗೋ ಕೊಂಚ ಓಡಿಸಿ ಮುಚ್ಚಿಕೊಂಡ ವಜ್ರಗಳನ್ನು ಬಿಡಿಸುವುದು.

ಡ್ರಿಲ್‌ನ ಹ್ಯಾಮರ್ ಗುಂಡಿ ಇಲ್ಲಿ ಶತ್ರು. ವಜ್ರ ಗೀರುವುದರಲ್ಲಿ ಸಮರ್ಥ, ಪೆಟ್ಟು ತಾಳುವುದರಲ್ಲಿ ಅಲ್ಲ. ಬಿಸಿಯೂ ಅದಕ್ಕೆ ಆಗದು: 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿಯ ಆಮ್ಲಜನಕ ವಜ್ರವನ್ನು ತಿನ್ನತೊಡಗುತ್ತದೆ. ಕಾಂಕ್ರೀಟಿಗೆ ನೀರು ಬಿಡುವುದು ಅದಕ್ಕೇ. ಅದೇ ನೀರು ಪುಡಿಯನ್ನು ತೊಳೆದು ಧೂಳನ್ನೂ ಅಡಗಿಸುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗೆ ನೀರು ಬಿಟ್ಟರೆ ಗಾರೆಯೇ ಕರಗುತ್ತದೆ, ಅಲ್ಲಿ ಒಣಗೊರೆತವೇ ಗತಿ. ಆಗ ಧೂಳೆಳೆಯುವ ಯಂತ್ರ ಜೊತೆಗಿರಲೇಬೇಕು. ಆ ಧೂಳಿನ ಸಿಲಿಕಾ ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಕಟ್ಟುವ ಸಿಲಿಕೋಸಿಸ್ ಬರುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಆಯಿತು ಎನ್ನುವ ಮೇಸ್ತ್ರಿಗಳನ್ನು ನಂಬಬಾರದು.

ಇನ್ನೊಂದು ಅಪಾಯ ಮಣಿಕಟ್ಟಿಗೆ. ಬಿಟ್ ಹಠಾತ್ತನೆ ಸಿಕ್ಕಿಕೊಂಡರೆ ಕೊಳವೆ ನಿಲ್ಲುತ್ತದೆ, ಯಂತ್ರ ಸುತ್ತಲು ನೋಡುತ್ತದೆ. ಬಿಟ್ ದೊಡ್ಡದಾದಷ್ಟೂ ಆ ಒದೆತ ಜೋರು. ಒಳ್ಳೆಯ ಯಂತ್ರಗಳಲ್ಲಿ ಆಗ ಜಾರಿಕೊಳ್ಳುವ ಕ್ಲಚ್ ಇರುತ್ತದೆ. ದೊಡ್ಡ ತೂತಿಗೆ ಗೋಡೆಗೇ ಬೋಲ್ಟ್ ಹಾಕಿ ನಿಲ್ಲಿಸಿದ ಸ್ಟ್ಯಾಂಡ್ ಬೇಕು.

ಹೊರಬಂದ ತಿರುಳು ಬರೀ ಕಸವಲ್ಲ. ಕಾಂಕ್ರೀಟಿನ ಬಲದ ಬಗ್ಗೆ ಅನುಮಾನ ಬಂದಾಗ ಎಂಜಿನಿಯರುಗಳು ಬೇಕೆಂದೇ ಅದನ್ನು ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಜಜ್ಜುತ್ತಾರೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕನಿಷ್ಠ ಮೂರು ತಿರುಳು ಬೇಕು. ಅವುಗಳ ಸರಾಸರಿ ಬಲ ನಿಗದಿತ ಬಲದ ಶೇ. 85 ಇರಬೇಕು, ಯಾವುದೊಂದೂ ಶೇ. 75ಕ್ಕಿಂತ ಇಳಿಯಬಾರದು.

ಅಂಥ ಪರೀಕ್ಷೆಗೂ ಮೊದಲು ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಎಲ್ಲಿದೆಯೆಂದು ಪತ್ತೆಹಚ್ಚಿಕೊಳ್ಳುತ್ತಾರೆ. ಚಿಮಣಿ ತೂತಿಗೆ ಈ ಎಚ್ಚರ ಕಾಣುವುದು ಅಪರೂಪ. ವಜ್ರದ ಬಿಟ್ ಇಟ್ಟಿಗೆಯನ್ನು ಕೊಯ್ದ ಹಾಗೆಯೇ, ತುಸು ನಿಧಾನವಾಗಿ, ಬೀಮಿನ ಕಬ್ಬಿಣವನ್ನೂ ಕೊಯ್ದು ಮುಂದೆ ಹೋಗುತ್ತದೆ. ಉಳಿಗೆ ಸರಳು ಸಿಕ್ಕರೆ ಕೈ ತಾನೇ ನಿಲ್ಲುತ್ತಿತ್ತು. ಈ ಯಂತ್ರ ಬಂದ ಮೇಲೆ, ಗುರುತು ಹಾಕಿದ ಜಾಗದ ಹಿಂದೆ ಬೀಮು ಅಥವಾ ಕಂಬ ಇದೆಯೇ ಎಂದು ಮನೆಯವರೇ ಮೊದಲು ಕೇಳಬೇಕಾಗಿದೆ.